ರೇಣವ್ವನ ಊರಿಗೊಂದು ಜಾಗ

ಆ ದಿನಗಳಲ್ಲಿ ಕರ್ನಾಟಕ ನಮ್ಮ ಶಾಲೆಯ ಅಂಗಳದಲ್ಲಿ ಹಿಡಿಯುವಷ್ಟೇ ಇತ್ತು. ಕಾರಟಗಿ ಹತ್ತಿರದ ನಮ್ಮ ಊರಿನಲ್ಲಿ ರಾಜ್ಯೋತ್ಸವ ಬಂತೆಂದರೆ ಗುರುಗಳು ಸುಣ್ಣದ ಗೆರೆ ಎಳೆದು ರಾಜ್ಯದ ನಕ್ಷೆ ಬರೆಯುತ್ತಿದ್ದರು. ನಾವು ಗದ್ದೆಯ ಎರೆಮಣ್ಣು ಹೊತ್ತು ತಂದು ಅದನ್ನು ತುಂಬುತ್ತಿದ್ದೆವು. ಪಶ್ಚಿಮಕ್ಕೆ ಕಲ್ಲಿನ ಘಟ್ಟ, ಅದರಾಚೆ ಬಟ್ಟೆಗೆ ಹಾಕುವ ನೀಲಿ ಚೆಲ್ಲಿದ ಸಮುದ್ರ. ಕೊಡಗಿಗೆ ಯಾರದೋ ಮನೆಯ ಕಾಫಿಪುಡಿ, ಮೈಸೂರಿಗೆ ಗಂಧದ ಸಾಬೂನಿನ ಚೂರು, ಕೋಲಾರಕ್ಕೆ ಬಂಗಾರದ ಬದಲು ಹಿತ್ತಾಳೆ ಗುಂಡಿ. ನಮ್ಮ ಸೀಮೆಗೆ ಭತ್ತ. ಕಾಫಿ, ಸಾಬೂನು, ಹಸಿ ಮಣ್ಣು ಸೇರಿ ಏಳುತ್ತಿದ್ದ ವಾಸನೆಯೇ ನನಗೆ ಇವತ್ತಿಗೂ ಕರ್ನಾಟಕದ ವಾಸನೆ.

ಈಗ ಅದೇ ನಾಡನ್ನು ಹೊರಗಿನಿಂದ ಬಂದವರಿಗೆ ಪರಿಚಯಿಸುವುದು ನನ್ನ ಹೊಟ್ಟೆಪಾಡು. ಆನೆಗೊಂದಿಯ ಬಂಡೆಗಳ ಕೆಳಗೆ ನಿಂತು ಕರಾವಳಿ, ಮಲೆನಾಡು, ಬಯಲುಸೀಮೆ ಎಂದು ಶುರುಮಾಡಿ, ಕದಂಬರಿಂದ ಹಿಡಿದು ವಿಜಯನಗರದವರೆಗೆ ಒಂದೇ ಉಸಿರಿಗೆ ಒಪ್ಪಿಸುತ್ತೇನೆ. ಹೇಳಿ ಹೇಳಿ ನಾಲಿಗೆ ಸವೆದಿದೆ. ನಿಜ ಹೇಳಬೇಕೆಂದರೆ, ಸಾಕಾಗಿದೆ.

ನಾನು ಐದನೇ ತರಗತಿಯಲ್ಲಿದ್ದ ವರ್ಷ ನಮ್ಮ ಶಾಲೆಗೆ ರೇಣವ್ವ ಎಂಬ ಹುಡುಗಿ ಸೇರಿದ್ದಳು. ಯಲಬುರ್ಗಾ ಕಡೆಯ ಒಂದು ಹಳ್ಳಿಯವಳು. ಅವಳಪ್ಪ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡಲು ಬಂದಿದ್ದ. ನಾವು ಅನ್ನ ಉಣ್ಣುವವರು, ಅವಳ ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ; ದಿನಾ ಬುತ್ತಿ ಬದಲಾಯಿಸಿಕೊಂಡು ಗೆಳತಿಯರಾದೆವು. ಮಾತು ಎಲ್ಲಿಂದ ಶುರುವಾದರೂ ಅವಳು ತನ್ನ ಊರಿಗೆ ತಂದು ಮುಟ್ಟಿಸುತ್ತಿದ್ದಳು. ನಕ್ಷೆಯಲ್ಲಿ ಆ ಊರು ಇರಲೇಬೇಕೆಂದು ಅವಳ ಹಟ. ಅದಕ್ಕಾಗಿ ರಾಜ್ಯೋತ್ಸವದ ದಿನ ಮನೆಯಿಂದ ಒಂದು ಹಿಡಿ ಸಜ್ಜೆಯನ್ನು ಲಂಗದ ತುದಿಗೆ ಗಂಟು ಕಟ್ಟಿಕೊಂಡು ಬಂದಿದ್ದಳು.

ಗುರುಗಳು ನಕ್ಕರು. “ಇಷ್ಟ ಜಾಗದಾಗ ನಿಮ್ಮೂರು ಎಲ್ಲಿ ಹಿಡಿತೈತವ್ವ? ದೊಡ್ಡ ಊರು ಅಷ್ಟ ಹಾಕೋದು.”

“ಸಮುದ್ರ ಹಿಡಿತೈತಿ, ನಮ್ಮೂರು ಹಿಡಿಯಂಗಿಲ್ಲೇನ್ರಿ ಸರ?” ಎಂದಳು. ಗುರುಗಳು ಅತಿಥಿಗಳನ್ನು ಕರೆತರಲು ಹೋದರು. ರೇಣವ್ವ ಗಂಟು ಹಿಡಿದುಕೊಂಡು ಒಂದು ಮೂಲೆಯಲ್ಲಿ ಕೂತಳು.

ಅವಾಂತರವಾದದ್ದು ಆಗಲೇ. ಹೊಳೆಗಳಿಗೆ ನೀಲಿ ರಂಗೋಲಿ ತುಂಬಿ ಎಂದು ಗುರುಗಳು ಹೇಳಿದ್ದರು. ಆದರೆ ನಾವು ಕಾಲುವೆ ನೀರಿನ ಮಕ್ಕಳು. ತುಂಗಭದ್ರೆ ಒಣಗಿ ಬಿದ್ದಿರುವುದು ನಮ್ಮ ಕಣ್ಣಿಗೆ ಒಗ್ಗಲಿಲ್ಲ. ಮನೆಯಲ್ಲಿ ಪಾಳಿ ಬಂದಾಗ ಗದ್ದೆಗೆ ನೀರು ಬಿಡುವ ಹಾಗೆಯೇ, ಕಾಲುವೆಯಿಂದ ಕೊಡ ತುಂಬಿ ತಂದು ಘಟ್ಟದ ಕಡೆಯಿಂದ ಬಿಟ್ಟೆವು. ಮೊದಲ ಕೊಡಕ್ಕೆ ಹೊಳೆ ಚೆಂದ ಹರಿಯಿತು. ಆಸೆಬಿದ್ದು ಮತ್ತೆ ಮತ್ತೆ ಸುರಿದೆವು. ಬದು ಒಡೆಯಿತು. ಬಳ್ಳಾರಿ ಕರಗಿತು, ರಾಯಚೂರು ರಾಡಿಯಾಯಿತು, ನಮ್ಮ ಭತ್ತವೆಲ್ಲ ತೇಲಿಕೊಂಡು ಆಂಧ್ರದ ಕಡೆ ಹೋಯಿತು. ಬಂದ ಅತಿಥಿಗಳಿಗೆ ಗುರುಗಳು, ಈ ಸಲ ಮಹಾಪೂರ ಬಂದಿದೆ ಎಂದು ಹೇಳಿ ಮಾನ ಉಳಿಸಿಕೊಂಡರು.

ಎಲ್ಲರೂ ನಗುತ್ತಿದ್ದಾಗ ರೇಣವ್ವ ರಾಡಿಗೆ ಇಳಿದಳು. ಗಂಟು ಬಿಚ್ಚಿ, ಸಜ್ಜೆಯನ್ನು ಕೆಸರಿಗೆ ಒತ್ತಿ, ನನ್ನತ್ತ ತಿರುಗಿದಳು.

“ಈಗ ಜಾಗ ಆತು ನೋಡು.”

ಮರುದಿನ ಅವಳು ಶಾಲೆಗೆ ಬರಲಿಲ್ಲ. ತಮ್ಮೂರಲ್ಲಿ ಮಳೆಯಾಗಿದೆ, ಕಡಲೆ ಬಿತ್ತಬೇಕು ಎಂದು ಅವಳಪ್ಪ ಸಂಸಾರ ಸಮೇತ ಬೆಳಗಿನ ಬಸ್ಸಿಗೆ ಹೋಗಿಬಿಟ್ಟಿದ್ದ. ಒಂದು ಮಾತು ಹೇಳಿ ಹೋಗಬಾರದಿತ್ತೇ ಎಂದು ನಾನು ಅತ್ತೆ. ಕೆಲವೇ ದಿನಕ್ಕೆ ಮಣ್ಣು ಆರಿ ಬಿರಿಯಿತು. ಮೈಸೂರೂ ಸಮುದ್ರವೂ ಗುರುತು ಸಿಗದಂತಾದವು. ಅವಳು ಒತ್ತಿದ ಜಾಗದಲ್ಲಿ ಮಾತ್ರ ಸಜ್ಜೆ ಹಸಿರಾಗಿ ಎದ್ದು ನಿಂತಿತ್ತು. ಗುರುಗಳು ಅದರ ಸುತ್ತ ಕಲ್ಲು ಇಟ್ಟರು. ಆಡುತ್ತ ಅತ್ತ ಓಡಿದವರಿಗೆ, “ರೇಣವ್ವನ ಊರು ತುಳಿಬ್ಯಾಡ್ರಲೇ,” ಎನ್ನುತ್ತಿದ್ದರು. ಅದನ್ನು ಕೇಳಲು ಅವಳಿರಲಿಲ್ಲ ಎಂಬ ಸಂಕಟ ನನಗೆ ಈಗಲೂ ಇದೆ.

ಆ ಅಂಗಳಕ್ಕೆ ಈಗ ಸಿಮೆಂಟ್ ಕಲ್ಲು ಹಾಸಿದ್ದಾರೆ. ನಕ್ಷೆಯನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದಾರೆ. ಮಕ್ಕಳಿಗೆ ಮಣ್ಣು ಮುಟ್ಟುವ ಕೆಲಸವಿಲ್ಲ. ಮೊನ್ನೆ ಬಂದ ಪ್ರವಾಸಿ ಹೆಂಗಸೊಬ್ಬರು ಮೊಬೈಲಿನ ನಕ್ಷೆಯಲ್ಲಿ ಯಲಬುರ್ಗಾದ ಸುತ್ತ ಬೆರಳಾಡಿಸಿ, ಇಲ್ಲಿ ಏನಿದೆ ಎಂದು ಕೇಳಿದರು. ನನ್ನ ಬಾಯಿಪಾಠದಲ್ಲಿ ಆ ಕಡೆಯ ಬಗ್ಗೆ ಒಂದು ವಾಕ್ಯವೂ ಇಲ್ಲ. ನನ್ನ ಗೆಳತಿಯ ಊರಿದೆ ಎಂದೆ. ಯಾವ ಊರು ಎನ್ನುತ್ತ ಅವರು ನಕ್ಷೆಯನ್ನು ದೊಡ್ಡದು ಮಾಡಿ ನನ್ನ ಮುಂದೆ ಹಿಡಿದರು. ಸಣ್ಣ ಸಣ್ಣ ಹಳ್ಳಿಯೂ ಅದರಲ್ಲಿತ್ತು, ಎಲ್ಲಕ್ಕೂ ಜಾಗವಿತ್ತು. ರೇಣವ್ವ ದಿನಾ ಹೇಳುತ್ತಿದ್ದ ಆ ಹೆಸರು ಯಾವುದೆಂದು ನನಗೆ ನೆನಪಾಗಲಿಲ್ಲ.