ಕೆಂಧೂಳಿನಲ್ಲಿ ಬರೆದ ನಂಬರ್

ಅರಳುಮರಳು ಎಂದರೂ ಸರಿ, ಇದರಲ್ಲಿ ಒಂದಕ್ಷರವನ್ನೂ ನಾನು ಕೂಡಿಸಿಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಎರಡು ಹ್ಯಾಬಿಟ್ ನನ್ನನ್ನು ಇನ್ನೂ ಬಿಟ್ಟಿಲ್ಲ: ಸುಳ್ಳು ಹೇಳದಿರುವುದು, ಮೇಜಿನ ಮೇಲೆ ಧೂಳು ಉಳಿಸದಿರುವುದು. ಆ ರಾತ್ರಿ ಎರಡನೆಯದೇ ಮುಳುವಾಯಿತು.

ಗಣಿಗಳ ಭರಾಟೆಯ ಕಾಲ. ಯಶವಂತನಗರದ ಸಣ್ಣ ಗಣಿ ಆಸ್ಪತ್ರೆಯೊಂದರಲ್ಲಿ ನಾನು ರೆಕಾರ್ಡ್ಸ್ ನೋಡಿಕೊಳ್ಳುತ್ತಿದ್ದೆ. ಹೊರಗೆ ಸದಾ ಅದಿರು ಲಾರಿಗಳ ಸದ್ದು. ಎಷ್ಟು ಒರೆಸಿದರೂ ಮತ್ತೆ ಕೆಂಧೂಳು. ಕಾಗದ ಕೈಗೆ ಸಿಗದಿದ್ದರೆ ಆ ಧೂಳಿನಲ್ಲೇ ಬೆರಳಿನಿಂದ ಬರೆದಿಡುವುದು ನಮ್ಮಲ್ಲಿ ರೂಢಿ.

ಅಂದು ಸಂಜೆ ಹೊಸಪೇಟೆಯಿಂದ ಬಂದ ಕಂಪ್ಯೂಟರ್ ರಿಪೇರಿಯ ವಿರೂಪಾಕ್ಷ ನನ್ನ ಕಂಪ್ಯೂಟರಿನ ಲಿನಕ್ಸ್ ಅಪ್‌ಗ್ರೇಡ್ ಶುರುಮಾಡಿದ. ಮುಗಿಯುವ ಮೊದಲೇ ಕೊನೆಯ ಕಂಪನಿ ಬಸ್ಸು ಹಾರನ್ ಹೊಡೆಯಿತು.

“ಮುಗದ ಮ್ಯಾಲ ರೀಸ್ಟಾರ್ಟ್ ಮಾಡ್ರಿ ಮೇಡಂ. ನೆಟ್‌ವರ್ಕ್ ಬರ್ಲಿಲ್ಲಂದ್ರ ಈ ಗೇಟ್‌ವೇ ನಂಬರ್ ಹಾಕ್ರಿ, ಇದಿಲ್ಲಂದ್ರ ಆಫೀಸಿನ ಸರ್ವರ್‌ಗೆ ದಾರಿ ಸಿಗೂದಿಲ್ಲ,” ಎಂದು ಮೇಜಿನ ಧೂಳಿನಲ್ಲಿ ಬರೆದ. “ಒರಸಬ್ಯಾಡ್ರಿ ಮತ್ತ! ನಿಮ್ ಒರಸೋ ಬಟ್ಟಿ ಕಂಡ್ರ ನಂಗ ಅಂಜಿಕಿ.”

ನಕ್ಕೆ. ಅರ್ಧ ಗಂಟೆಯಲ್ಲಿ ಅದೇ ಒದ್ದೆ ಬಟ್ಟೆ ನನ್ನ ಕೈಯಲ್ಲಿತ್ತು... ಮೇಜು ಥಳಥಳ ಹೊಳೆಯುತ್ತಿತ್ತು. ನಂಬರ್ ಹೋಗಿತ್ತು.

ರೀಸ್ಟಾರ್ಟ್ ಆಯಿತು. ನೆಟ್‌ವರ್ಕ್ ಬರಲಿಲ್ಲ. ನಾಳೆ ನೋಡಿದರಾಯಿತು ಅಂದುಕೊಂಡೆ. ಆ ರಾತ್ರಿ ನನಗೆ ನೈಟ್ ಡ್ಯೂಟಿ.

ಹನ್ನೊಂದರ ಹೊತ್ತಿಗೆ ನರ್ಸ್ ಹುಸೇನ್‌ಬಿ ಓಡಿಬಂದಳು. “ಅಕ್ಕಾರ, ಹುಲಿಗೆಮ್ಮಗ ಹೆರಿಗಿ ಆತು, ರಕ್ತ ನಿಂದ್ರವಲ್ದು! ಓ ನೆಗೆಟಿವ್ ಬೇಕಂತ. ಜಲ್ದಿ ಲಿಸ್ಟ್ ತಗೀರಿ!” ಎಂದವಳೇ ವಾರ್ಡಿಗೆ ಓಡಿದಳು.

ರಕ್ತ ಕೊಡುವವರ ಪಟ್ಟಿ ಇದ್ದದ್ದು ಗುಡ್ಡದ ಮೇಲಿನ ಆಫೀಸಿನ ಸರ್ವರ್‌ನಲ್ಲಿ. ಆಫೀಸಿಗೆ ಬೀಗ. ದಾರಿ ತುಂಬ ಲಾರಿ ಜಾಮ್. ವಿರೂಪಾಕ್ಷನ ಮೊಬೈಲ್ ಸ್ವಿಚ್ಡ್ ಆಫ್.

ನೆನಪಾದ ನಂಬರುಗಳನ್ನೆಲ್ಲ ಹಾಕಿದೆ. ಯಾವುದೂ ಹತ್ತಲಿಲ್ಲ. ಆ ಕಡೆ ವಾರ್ಡಿನಲ್ಲಿ ಕೂಸು ಅಳುತ್ತಿತ್ತು... ತಾಯಿಯ ದನಿಯೇ ಇಲ್ಲ.

ಆಗ ಬಂತು ಆ ವಾಸನೆ. ಸ್ಪಿರಿಟ್, ಅದರ ಜೊತೆ ದುಂಡುಮಲ್ಲಿಗೆ.

ನಮ್ಮ ಲ್ಯಾಬಿನ ಫಿಲೋಮಿನಾ ನಡೆದು ಬಂದರೆ ಹೀಗೇ ಇರುತ್ತಿತ್ತು. ಆ ಪಟ್ಟಿ ಮಾಡಿದವಳೇ ಅವಳು. ಘಾಟಿಯಲ್ಲಿ ಲಾರಿಗೆ ಸಿಕ್ಕು ತೀರಿಕೊಂಡು ಆಗಲೇ ವರ್ಷವಾಗಿತ್ತು, ಪಾಪ.

ಬಾಗಿಲತ್ತ ತಿರುಗಿದೆ. ಯಾರೂ ಇರಲಿಲ್ಲ. ಮತ್ತೆ ಈಚೆ ತಿರುಗಿದರೆ... ಮೇಜಿನ ಮೇಲೆ ಹೊಸದಾಗಿ ಕೂತಿದ್ದ ತೆಳು ಧೂಳಿನಲ್ಲಿ ಒಂದು ನಂಬರ್. ಕೊನೆಯಲ್ಲಿ ಎರಡು ಏಳು, ಎರಡಕ್ಕೂ ನಡುವಿಗೆ ಅಡ್ಡಗೀಟು. ನಮ್ಮ ಸಿಸ್ಟರ್‌ಗಳು ಏಳನ್ನು ಬರೆಸುತ್ತಿದ್ದುದೇ ಹಾಗೆ. ಫಿಲೋಮಿನಾಳೂ ನನ್ನ ಕಾನ್ವೆಂಟಿನವಳೇ.

ಅದನ್ನೇ ಟೈಪ್ ಮಾಡಿದೆ. ಪಟ್ಟಿ ತೆರೆದುಕೊಂಡಿತು! ಕೂಗಿದ್ದಕ್ಕೆ ಓಡಿಬಂದ ಹುಸೇನ್‌ಬಿ ನನ್ನ ಎರಡೂ ಕೈ ಹಿಡಿದುಕೊಂಡು ಪರದೆಯತ್ತ ಬಾಗಿದಳು. ಓ ನೆಗೆಟಿವ್ ಒಬ್ಬನೇ, ಪಕ್ಕದ ಓಣಿಯ ಫಿಟ್ಟರ್. ಹುಸೇನ್‌ಬಿ ಅವನನ್ನು ಬನಿಯನ್ನಿನಲ್ಲೇ ಎಳೆದು ತಂದಳು. ಹುಲಿಗೆಮ್ಮ ಉಳಿದಳು.

ಮರುದಿನ ವಿರೂಪಾಕ್ಷ ಪರದೆ ನೋಡಿ ಹುಬ್ಬೇರಿಸಿದ. “ನಾ ಬರೆದಿದ್ದು ಇದಲ್ರಿ ಮೇಡಂ. ಈ ನಂಬರಿನ ರೂಟರ್ ಫಿಲೋಮಿನಾ ಮೇಡಂ ಇದ್ದಾಗ್ಲೇ ಸಿಡ್ಲಿಗೆ ಸುಟ್ಟು ಗುಜರಿಗೆ ಹೋಗೇತಿ. ಇದ್ರಾಗ ಹೆಂಗ ಹತ್ತಿತು?”

ಆ ನಂಬರ್ ಜೀವಂತ ಇದೆಯೇ ಎಂದು ನನ್ನೆದುರಿಗೇ ಪಿಂಗ್ ಮಾಡಿ ನೋಡಿದ. ಉತ್ತರ ಬರಲಿಲ್ಲ.

“ಗಾಬರ್ಯಾಗ ನೀವ ಬರೆದಿರಬೇಕ್ರಿ,” ಎಂದ. ನಾನೂ ಹಾಗೇ ನಂಬಿಕೊಳ್ಳಲು ನೋಡಿದೆ. ಏಳಕ್ಕೆ ಅಡ್ಡಗೀಟು ನಾನೂ ಎಳೆಯುತ್ತೇನಲ್ಲ. ಆದರೆ ಬಾಗಿಲಲ್ಲಿದ್ದ ಹುಸೇನ್‌ಬಿ ತಲೆಯಾಡಿಸಿದಳು. “ಲಿಸ್ಟ್ ಸಿಕ್ಕಾಗ ಅಕ್ಕಾರ ಎರಡೂ ಕೈ ನಾ ಹಿಡಕೊಂಡಿದ್ದೆ, ಬೆರಳು ಬೆಳ್ಳಗಿದ್ವು. ಒಂದು ಕಣ ಕೆಂಪಿರಲಿಲ್ಲ.”

ಈಗಲೂ ದಿನಾ ಮೇಜು ಒರೆಸುತ್ತೇನೆ. ಒಂದು ಮೂಲೆ ಮಾತ್ರ ಬಿಡುತ್ತೇನೆ... ಬೆಳಗ್ಗೆ ಅತ್ತ ನೋಡಲು ಧೈರ್ಯ ಸಾಲುವುದಿಲ್ಲ.