ಪಾಂಡವರಿಗೆ ಏರಿಸಿದ ಬಿಳಿ ಹೂವು

ನಮ್ಮ ಜೋಳದ ಹೊಲದ ಬಿಳಿ ಹೂವನ್ನು ನೋಡಿದವರು ಎಷ್ಟು ಚೆಂದ ಅಂತಾರೆ. ಚೆಂದ ಇದ್ದರೇನು, ಬೆಂಕಿ ಹಚ್ಚಬೇಕು ಅದಕ್ಕೆ! ಗಡಿಯ ಈ ಕಡೆ ನಾವೂ ಅದನ್ನು ಮರಾಠಿಯವರಂತೆ ಟಾರಫುಲಾ ಅಂತಲೇ ಕರೆಯುತ್ತೇವೆ. ಗೇಣುದ್ದದ ಗಿಡ. ಎಲೆ ಹಸಿರೇ ಇದೆ, ಬಿಸಿಲಲ್ಲಿ ತಾನೇ ದುಡಿದು ತಿನ್ನಬಹುದಿತ್ತು. ಆದರೂ ಮಣ್ಣೊಳಗೆ ಜೋಳದ ಬೇರಿಗೆ ಬಾಯಿ ಹಚ್ಚಿ ನೀರು, ಸಾರ ಹೀರುತ್ತದೆ. ಮಳೆ ಬಂದರೂ ಜೋಳ ಬಾಡಿ ನಿಲ್ಲುತ್ತದೆ.

ಅಥಣಿ ತಾಲೂಕಿನ ನಮ್ಮ ಊರಿನ ಸುತ್ತ ಈಗ ಎಲ್ಲಿ ನೋಡಿದರೂ ಕಬ್ಬು, ದ್ರಾಕ್ಷಿ. ಮನೆಯ ರೊಟ್ಟಿಗೆಂದು ನಾವು ಉಳಿಸಿಕೊಂಡದ್ದು ಹಳ್ಳದ ದಂಡೆಯ ಒಂದು ತುಂಡು ಜೋಳ. ಹೋದ ವರ್ಷ ತೆನೆಯಲ್ಲಿ ಕಾಳೇ ಇರಲಿಲ್ಲ. ನಮ್ಮ ಮನೆಯವರು ಬೇಸತ್ತು, "ಈ ಸಲಾನೂ ಹಿಂಗ ಆತಂದ್ರ ಜ್ವಾಳ ಸಾಕು, ಕಬ್ಬ ಹಚ್ಚತೀನಿ" ಅಂದರು. "ಅದೆಂಗ ಹಚ್ಚತೀರಿ ನೋಡತೀನಿ" ಅಂದೆ. ಪೇಟೆಯ ಜೋಳ ತಂದು ರೊಟ್ಟಿ ಬಡಿಯುವುದು ನನ್ನಿಂದ ಆಗದ ಮಾತು.

ಹೋದ ವರ್ಷವೇ ಕಸ ಕೀಳುವಾಗ ಒಂದು ಸಂಗತಿ ಕಣ್ಣಿಗೆ ಬಿದ್ದಿತ್ತು. ಆ ಹೂವು ದಟ್ಟವಾಗಿ ಎದ್ದಿದ್ದು ಹೊಲದ ನಡುವಿನ ಐದು ಕಲ್ಲುಗಳ ಸುತ್ತ. ಸೀಗಿ ಹುಣ್ಣಿಮೆಗೆ ಪಾಂಡವರೆಂದು ನಾವು ಪೂಜಿಸುವ ಕಲ್ಲುಗಳು ಅವು. ಜೋಳದ ನಡುವೆ ತಾನಾಗಿ ಅರಳಿದ ಈ ಹೂವನ್ನೇ ಗಿಡ ಸಮೇತ ಏರಿಸಬೇಕು, ಏರಿಸಿದ್ದನ್ನು ಅಲ್ಲೇ ಬಿಡಬೇಕು ಎಂಬುದು ನಮ್ಮ ಅತ್ತೆಯ ಪದ್ಧತಿ. ಆ ಗಿಡದ ತುದಿಯಲ್ಲಿ ಹೂವಿರುವಾಗಲೇ ಕೆಳಗೆ ಬೀಜ ಮಾಗಿರುತ್ತದೆ, ಹಿಟ್ಟಿನಂಥ ಸಣ್ಣ ಬೀಜ. ವರ್ಷಾ ವರ್ಷಾ ಕೈಮುಗಿದು ಅದನ್ನು ಬಿತ್ತಿದವರು ನಾವೇ.

ಈ ವರ್ಷ ಹಟ ಹಿಡಿದೆ. ಹೂವಾಗುವ ಮೊದಲೇ ಬಗ್ಗಿ ಬಗ್ಗಿ ಕಿತ್ತೆ. ಕಿತ್ತದ್ದನ್ನು ತಿಪ್ಪೆಗೆ ಎಸೆಯದೆ ಒಲೆಗೆ ಹಾಕಿದೆ. ಸೊಂಟ ಬಿದ್ದುಹೋಯಿತು, ಬಿಡಲಿಲ್ಲ. ಹುಣ್ಣಿಮೆಯ ದಿನ ಬದುವಿನ ಮೇಲೆ ನಾನೇ ಬೆಳೆಸಿದ ಚೆಂಡು ಹೂವನ್ನು ಬುಟ್ಟಿ ತುಂಬ ತಂದಿಟ್ಟೆ. ಅತ್ತೆ ಅದರತ್ತ ತಿರುಗಿಯೂ ನೋಡಲಿಲ್ಲ. ಜೋಳದೊಳಗೆ ಹೊಕ್ಕು, ನನ್ನ ಕಣ್ಣು ತಪ್ಪಿಸಿ ಉಳಿದಿದ್ದ ಒಂದೇ ಒಂದು ಟಾರಫುಲಾ ಗಿಡವನ್ನು ಕಿತ್ತು ತಂದು ಕಲ್ಲಿನ ಮೇಲೆ ಏರಿಸಿದರು.

"ಅತ್ಯಾರ, ಅದನ್ನ ಇಲ್ಲೇ ಬಿಟ್ಟ ಹೋಗಾಕ ನಾ ಒಪ್ಪೂದಿಲ್ರಿ. ಒಯ್ದು ಸುಡತೀನಿ" ಅಂದೆ.

"ಭಾಳ ಶಾಣ್ಯಾಕಿ ಆಗೀದಿ! ದೇವರಿಗೆ ಏರಿಸಿದ್ದು ಸುಡಬಾರದ ಬೇ, ಪಾಪ ಬರತೈತಿ."

"ಬಂದ್ರ ಬರಲಿ ನನಗ."

ಹೊಲದ ತುಂಬ ಎಡೆಯ ಚರಗ ಚೆಲ್ಲಿದೆವು, ಊಟಕ್ಕೆ ಕೂತೆವು. ನನ್ನ ಕಣ್ಣೆಲ್ಲ ಆ ಗಿಡದ ಮೇಲೆ. ಹೊರಡುವಾಗ ಕಲ್ಲಿನತ್ತ ಕೈ ಚಾಚಿದೆ. ಅತ್ತೆ ನನ್ನ ಕೈ ತಡೆದು, ತಾವೇ ಗಿಡವನ್ನೆತ್ತಿ ಸೆರಗಿನಲ್ಲಿ ಗಂಟು ಕಟ್ಟಿದರು. ಬೀಜ ಉದುರದಂತೆ ದಾರಿಯುದ್ದಕ್ಕೂ ಗಂಟನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಮನೆಗೆ ಬಂದವರೇ ಒಲೆ ಹೊತ್ತಿಸಿ ಗಿಡವನ್ನು ಬೆಂಕಿಗೆ ಹಾಕಿದರು, ಸೆರಗನ್ನೂ ಒಲೆಯ ಮೇಲೆ ಝಾಡಿಸಿದರು.

"ನೀ ಸಣ್ಣ ಮಕ್ಕಳ ತಾಯಿ" ಅಂದರು. "ಪಾಪ ನನಗಿರಲಿ. ನೀ ಜ್ವಾಳ ಉಳಿಸ್ಕೊ."