ಹಳೇ ಬೀಡಿನ ಬೆಲೆ

ಪುಷ್ಪಲತಾಗೆ ಒಂದು ಕಡೆ ಕೂರುವುದು ಬರುತ್ತಿರಲಿಲ್ಲ. ಅರಸೀಕೆರೆಗೆ ಸೊಸೆಯಾಗಿ ಬಂದ ಮೇಲೆ ಬ್ಲೌಸ್ ಹೊಲಿದಳು, ನಿಪ್ಪಟ್ಟು ಚಕ್ಕುಲಿ ಮಾಡಿ ಅಂಗಡಿಗಳಿಗೆ ಹಾಕಿದಳು, ಸೀರೆ ತರಿಸಿ ಮಾರಿದಳು. ಯಾವುದೂ ಕೆಟ್ಟು ನಿಂತದ್ದಲ್ಲ. ಕೆಲಸ ತನ್ನ ಪಾಡಿಗೆ ತಾನು ನಡೆಯತೊಡಗಿತು ಅನ್ನುವಷ್ಟರಲ್ಲಿ ಅವಳಿಗೆ ಅದರ ಮೇಲಿನ ಮನಸ್ಸೇ ಹೋಗಿರುತ್ತಿತ್ತು. ಮಾವ ಮರುಳಪ್ಪನವರದು ಇದಕ್ಕೆ ತೀರಾ ಬೇರೆ ಸ್ವಭಾವ. ಕೊಬ್ಬರಿ ಚೀಲ, ಹಗ್ಗ ಮಾರುವ ಅಂಗಡಿಯಲ್ಲಿ ಒಂದೇ ಗಾದಿಯ ಮೇಲೆ ಕೂತು ಮುದುಕರಾದವರು. ಗಂಡ ಇಂದ್ರೇಶ್ ಹಾಸನದಲ್ಲಿ ಕೆಲಸಕ್ಕಿದ್ದ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು.

ಅಂಗಡಿಯ ಹಿಂದೊಂದು ಗೋಡೌನು. ಅದನ್ನು ಹಿಂದೆ ಬಾಡಿಗೆಗೆ ಹಿಡಿದಿದ್ದ ಬಡಗಿ ಅಂಗಡಿಯವನು ಕೆಲಸ ಬಿಟ್ಟು ಹೋಗುವಾಗ ಬಾಡಿಗೆ ಬಾಕಿಗೆ ವಜಾ ಮಾಡಿಕೊಳ್ಳಿ ಅಂತ ಒಂದು ಪ್ಲೇನರ್ ಮಿಷನ್ ಬಿಟ್ಟಿದ್ದ. ಒರಟು ಹಲಗೆಯನ್ನು ಒಂದೇ ದಪ್ಪಕ್ಕೆ ಹೆರೆದು ನುಣುಪು ಮಾಡುವ ಮಿಷನ್ನು. ಮೈಯೆಲ್ಲ ಬೀಡು, ಅಂದರೆ ಎರಕದ ಕಬ್ಬಿಣ, ನಾಲ್ಕು ಜನ ಸೇರಿದರೂ ಕದಲುತ್ತಿರಲಿಲ್ಲ. ಮೋಟರನ್ನು ಯಾರೋ ಯಾವಾಗಲೋ ಕಳಚಿಕೊಂಡು ಹೋಗಿದ್ದರು. ಪುಷ್ಪಲತಾಗೆ ಆಗ ಕೊಬ್ಬರಿ ಎಣ್ಣೆಯ ಗಾಣ ಹಾಕುವ ಹುಚ್ಚು, ಜಾಗ ಬೇಕಿತ್ತು. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದ. ಅದು ಅವಳಿಗೆ ಸರಿಬೀಳಲಿಲ್ಲ. ಫೋಟೋ ತೆಗೆದು, ಹಳೇ ಮಿಷನ್ನುಗಳನ್ನು ಹರಾಜು ಹಾಕುವ ಒಂದು ಆನ್‌ಲೈನ್ ತಾಣಕ್ಕೆ ಹಾಕಿದಳು.

ವಾರವಾದರೂ ಯಾರೂ ಕೂಗಲಿಲ್ಲ. ಒಬ್ಬ ಮಾತ್ರ ಮೆಸೇಜು ಕಳಿಸಿದ. ಬೆಲ್ಟ್ ಕಡೆಯ ಹೌಸಿಂಗ್ ಬಿರುಕು ಬಿಡದೆ ಇದ್ದರೆ ಅದೊಂದನ್ನೇ ಮಾರುತ್ತೀರಾ ಅಂತ.

ಹೌಸಿಂಗ್ ಅಂದರೇನು ಅಂತ ಅವಳಿಗೆ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ವೆಲ್ಡಿಂಗ್ ಶಾಪಿನವನು ಬಂದು ತೋರಿಸಿದ. ಬ್ಲೇಡು ತಿರುಗುವ ಶಾಫ್ಟಿನ ತುದಿಯಲ್ಲಿ ಬೇರಿಂಗ್ ಇರುತ್ತದೆ, ಆ ಬೇರಿಂಗ್ ಕೂರುವ ಬೀಡಿನ ತುಂಡು ಅದು. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು. ಅದನ್ನು ಬಿಚ್ಚಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಅದೊಂದನ್ನೇ ಹರಾಜಿಗೆ ಹಾಕಿದಳು.

ಮಧ್ಯಾಹ್ನದ ಹೊತ್ತಿಗೆ ಬೆಲೆ ಏರತೊಡಗಿತು. ಒಗ್ಗರಣೆ ಸೀದುಹೋಯಿತು. ಮಾರನೇ ದಿನ ಫೋನು ನೋಡುತ್ತ ಅಂಗಡಿಯಲ್ಲಿ ಯಾರಿಗೋ ಹಗ್ಗದ ಬದಲು ಚೀಲ ಕೊಟ್ಟಳು. ಹರಾಜು ಮುಗಿಯುವಾಗ, ಇಡೀ ಮಿಷನ್ನಿಗೆ ಗುಜರಿಯವನು ಹೇಳಿದ್ದರ ಮೂರು ಪಟ್ಟು ಆ ತುಂಡೊಂದಕ್ಕೇ ನಿಂತಿತ್ತು. ಕೊನೆಗೆ ಕೂಗಿದವನು ಮಳವಳ್ಳಿಯ ದ್ಯಾವಯ್ಯ ಅನ್ನುವವನು.

"ಮಾವ, ಇದ್ರಲ್ಲೇನೋ ಮೋಸ ಇದೆ," ಅಂದಳು ಪುಷ್ಪಲತಾ.

"ದುಡ್ಡು ಬಂತಾ?"

"ಬಂತು."

"ಮತ್ತೆ ಮೋಸ ಹೋದೋನು ಅವ್ನು, ನೀನಲ್ಲ," ಅಂದರು ಮರುಳಪ್ಪ, ಹಗ್ಗದ ಸುರುಳಿ ಕಟ್ಟುತ್ತ.

ಆ ಮಾತಿನಿಂದ ಅವಳಿಗೆ ಇನ್ನೂ ಹಿಂಸೆಯಾಯಿತು. ತುಂಡನ್ನು ಗೋಣಿಯಲ್ಲಿ ಸುತ್ತಿ ಪಾರ್ಸೆಲ್ ಮಾಡಿ ಬಂದಳು. ಆಮೇಲೂ ಗೋಡೌನಿಗೆ ಹೋಗಿ, ಬಿಚ್ಚಿದ ಜಾಗದಲ್ಲಿ ಬೆರಳಿಟ್ಟು ನೋಡುವಳು. ಇದರಲ್ಲಿ ಅಂಥಾದ್ದೇನಿದೆ?

ಎರಡು ದಿನ ಬಿಟ್ಟು ಒಂದು ಫೋನು ಬಂತು.

"ಅಮ್ಮಾವ್ರೇ, ನಾನು ಹಳೇಬೀಡಿಂದ ಕೆಂಚಯ್ಯ ಅಂತ. ಹರಾಜ್ನಲ್ಲಿ ನಾನೂ ಕೂಗಿದ್ದೆ, ಕೈಗೆಟುಕ್ಲಿಲ್ಲ. ಅಂಥದ್ದೇ ಇನ್ನೊಂದು ಐತಾ ನಿಮ್ಮತ್ರ?"

"ಇಲ್ಲ ಕೆಂಚಯ್ಯನೋರೇ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಷ್ಟೊಂದು ದುಡ್ಡು ಯಾಕೆ ಕೊಡ್ತೀರಿ ಅದಕ್ಕೆ?"

"ಫೋನ್ನಲ್ಲಿ ಹೇಳಿದ್ರೆ ತಿಳಿಯಲ್ಲ ಕಣ್ರವ್ವ. ಈ ಕಡೆ ಬಂದಾಗ ನೋಡ್ಕೊಂಡು ಹೋಗಿ."

ಆ ಕಡೆ ಹೋಗುವ ಕೆಲಸ ಅವಳಿಗೆ ಇರಲಿಲ್ಲ. ಆದರೂ ಮರುದಿನವೇ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದಳು. ವಿಷಯ ಕೇಳಿದ ಮರುಳಪ್ಪ, "ಹಳೇ ಬೀಡಿಗೆ ಹಳೇಬೀಡಿನೋರಲ್ದೆ ಇನ್ಯಾರು ಬೆಲೆ ಕಟ್ಟಾರು," ಅಂತ ತಮ್ಮ ಮಾತಿಗೆ ತಾವೇ ನಕ್ಕು ಕಳಿಸಿದರು.

ಕೆಂಚಯ್ಯನ ಶೆಡ್ಡು ಊರಾಚೆ, ಕೆರೆ ಏರಿಯ ಕೆಳಗಿತ್ತು. ಐವತ್ತು ದಾಟಿದ ಆಳು. ಬಾಗಿಲು, ಕಿಟಕಿ, ಸ್ಕೂಲಿನ ಡೆಸ್ಕು ಮಾಡುತ್ತಿದ್ದ. ಶೆಡ್ಡಿನ ನಡುವೆ ಗೋಡೌನಿನಲ್ಲಿದ್ದಂಥದೇ ಮಿಷನ್ನು ಗೋಣಿತಾಟು ಹೊದ್ದುಕೊಂಡು ನಿಂತಿತ್ತು. ಅದರ ಮೇಲೊಂದು ನೀರಿನ ಬಿಂದಿಗೆ. ಗೋಡೆಗೆ ಒರಗಿಸಿದ ಹಲಗೆಗಳ ರಾಶಿ. ಕೆಂಚಯ್ಯ ಗೋಣಿ ಸರಿಸಿ, ಎರಡು ಹೋಳಾದ ಹೌಸಿಂಗನ್ನು ಅವಳ ಕೈಗೆ ಕೊಟ್ಟ.

"ಬೆಲ್ಟು ಎಳೆಯೋ ಕಡೇದೇ ಒಡೆಯೋದು. ವೆಲ್ಡಿಂಗ್ ಮಾಡ್ಸಿದೆ, ಬೀಡು ಅಲ್ವಾ, ಪಕ್ಕದಲ್ಲೇ ಮತ್ತೆ ಸೀಳ್ತು. ಈ ಮಿಷನ್ ಮಾಡ್ತಿದ್ದ ಕಂಪನಿ ಮುಚ್ಚಿ ಎಷ್ಟೋ ಕಾಲ ಆಯ್ತು. ಅಂಗಡೀಲಿ ಸಿಗಲ್ಲ."

"ಹೊಸ ಮಿಷನ್ನೇ ತಗೋಬೋದಲ್ಲ?"

"ಇಷ್ಟು ತೂಕದ್ದು ಹೊಸದು ತರೋಕೆ ಈ ಶೆಡ್ಡು ಮಾರ್ಬೇಕು. ಅಗ್ಗದ್ದು ಬತ್ತದೆ, ಅಗಲದ ಹಲಗೆ ಹಾಕಿದ್ರೆ ಮಿಷನ್ನೇ ಕುಣೀತದೆ." ಅವನು ಒಂದು ಹಲಗೆ ಎತ್ತಿ ಬೆಳಕಿಗೆ ಹಿಡಿದ. "ಇದು ಕೈಮಿಷನ್‌ನಲ್ಲಿ ಹೆರ್ದಿದ್ದು. ಏರುತಗ್ಗು ಕಾಣ್ತದಾ? ನೀವು ಅದನ್ನ ಕಬ್ಬಿಣದ ತುಂಡು ಅಂತ ನೋಡ್ತೀರಿ. ನಮಗೆ ಅದೊಂದು ಬಂದ್ರೆ ಇಡೀ ಮಿಷನ್ನು ಬಂದಂಗೆ."

ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವಳು ಹರಾಜಿನ ಪಟ್ಟಿ ತೆಗೆದು ನೋಡಿದಳು. ಕೆಂಚಯ್ಯನ ಕೆಳಗೆ ಇನ್ನೂ ಎಷ್ಟೋ ಊರಿನವರ ಹೆಸರುಗಳಿದ್ದವು. ಅಷ್ಟು ಊರುಗಳಲ್ಲಿ ಅಷ್ಟು ಮಿಷನ್ನುಗಳು ಹೀಗೇ ನಿಂತಿವೆ ಅಂತ ಅಲ್ಲವಾ ಇದರ ಅರ್ಥ? ಈ ಯೋಚನೆ ಬಂದದ್ದೇ ಎಣ್ಣೆ ಗಾಣದ ವಿಷಯ ತಲೆಯಿಂದ ಹೋಯಿತು.

ಮೊದಲು ಮಾಡಿದ ಕೆಲಸ ಬೇರೆಯವರು ಮಾಡುವಂಥದೇ. ಬೇಲೂರಿನಲ್ಲಿ ಮುಚ್ಚಿಹೋಗಿದ್ದ ಎರಡು ಮರಗೆಲಸದ ಅಂಗಡಿಗಳಿಂದ ಅಂಥವೇ ಹಳೇ ಮಿಷನ್ನುಗಳನ್ನೆಲ್ಲ ಕೊಂಡು, ಬಿಚ್ಚಿಸಿ, ತುಂಡುತುಂಡಾಗಿ ಮಾರಲು ಇಟ್ಟಳು. ಸ್ವಲ್ಪ ಹೋಯಿತು. ಆದರೆ ಹೌಸಿಂಗು ಹರಾಜಿಗೆ ಬಂದಾಗಲೆಲ್ಲ ಕೆಂಚಯ್ಯ ಕೂಗುವನು, ಬೆಲೆ ಕೈಮೀರುತ್ತಲೇ ಸುಮ್ಮನಾಗುವನು. ಅವನ ಹೆಸರು ನಿಂತುಹೋಗುವುದನ್ನು ನೋಡಲು ಅವಳಿಗೆ ಆಗುತ್ತಿರಲಿಲ್ಲ. ಕೊನೆಯದನ್ನು ಹರಾಜಿಗೇ ಹಾಕದೆ ಅವನಿಗೆ ಕೊಟ್ಟುಬಿಡಲೇ ಅಂತ ಯೋಚಿಸಿದಳು. ಆದರೆ ಅವನ ಹಿಂದಿರುವವರೆಲ್ಲ ಏನು ಮಾಡಬೇಕು?

ಕೆಂಚಯ್ಯನಿಂದ ಅವನ ಒಡೆದ ಹೌಸಿಂಗನ್ನು ಇಸಿದುಕೊಂಡಳು. ಅಂಥದೇ ಹೊಸದು ಮಾಡಿಸಬಹುದಾ ಅಂತ ಕೇಳಲು ಒಂದು ಬೆಳಿಗ್ಗೆ ಅದನ್ನು ಕೈಚೀಲದಲ್ಲಿ ಹಾಕಿಕೊಂಡು, ಇಂದ್ರೇಶನ ಜೊತೆಯಲ್ಲೇ ಹಾಸನದ ಬಸ್ಸು ಹತ್ತಿದಳು.

"ನಿನ್ನ ಕಾಲಿಗೆ ಚಕ್ರ ಕಟ್ಟಿದಾರೆ," ಅಂದ ಇಂದ್ರೇಶ್.

"ಕಿಟಕಿ ಕಡೆ ಸರೀರಿ," ಅಂದಳು.

ಅಲ್ಲಿ ಬೀಡು ಎರಕ ಹೊಯ್ಯುವ ಫೌಂಡ್ರಿ ನಡೆಸುತ್ತಿದ್ದವಳು ಆಶಾರಾಣಿ ಅನ್ನುವ ಹೆಂಗಸು. ತುಂಡನ್ನು ತಿರುಗಿಸಿ ನೋಡಿ ಅವಳು ಎರಡು ಮಾತು ಹೇಳಿದಳು. ಒಂದು, ಇದನ್ನೇ ಮರಳಿನಲ್ಲಿ ಒತ್ತಿ ಎರಕ ಹೊಯ್ದರೆ ಬೀಡು ಆರುವಾಗ ಕುಗ್ಗುತ್ತದೆ, ತುಂಡು ಚಿಕ್ಕದಾಗಿ ಬರುತ್ತದೆ. ಅದಕ್ಕೆ ಒಂದು ಕೂದಲು ದೊಡ್ಡದಾಗಿ ಮರದ ಅಚ್ಚು ಮಾಡಿಸಿ ತರಬೇಕು. ಎರಡು, ಒಂದೇ ತುಂಡಿಗೆ ಅಚ್ಚು ಹೂಡಿ ಕೂರುವ ಕೆಲಸ ತನಗೆ ಗಿಟ್ಟುವುದಿಲ್ಲ.

"ಡಜನ್ನಾದ್ರೂ ಬೇಕು. ತಗೋಳೋರು ಇದಾರಾ?"

ಪುಷ್ಪಲತಾ ಅಲ್ಲೇ ಬೆಂಚಿನ ಮೇಲೆ ಕೂತು, ಹರಾಜಿನಲ್ಲಿ ಸೋತವರಿಗೆಲ್ಲ ಒಬ್ಬೊಬ್ಬರಿಗೇ ಮೆಸೇಜು ಹಾಕಿದಳು. ಸಂಜೆಗೆ ಡಜನ್ನು ದಾಟಿತು.

ಮರದ ಅಚ್ಚು ಮಾಡಿದವನು ಕೆಂಚಯ್ಯ. ಬಲಿತ ತೇಗದಲ್ಲಿ, ಕೈಯಲ್ಲೇ. ಎರಡು ಸಲ ಕೆಡಿಸಿ ಮೂರನೆಯದು ಸರಿಮಾಡಿದ. ಮೊದಲ ಎರಕದಲ್ಲಿ ಅರ್ಧಕ್ಕರ್ಧ ತುಂಡುಗಳ ಒಳಗೆ ಗಾಳಿಗುಳ್ಳೆ ನಿಂತಿದ್ದವು. ಆಶಾರಾಣಿ ಅವನ್ನೆಲ್ಲ ಒಡೆದು ಮತ್ತೆ ಕುಲುಮೆಗೇ ಹಾಕಿಸಿದಳು. ಪುಷ್ಪಲತಾ ಹಾಸನಕ್ಕೆ ಮತ್ತೆ ಮತ್ತೆ ಓಡಾಡಿದಳು, ಬೇಡ ಅಂದರೂ ಕುಲುಮೆಯ ಹತ್ತಿರ ನಿಂತಳು, ಊಟ ಬಿಟ್ಟಳು. ಎರಡನೇ ಸಲದ್ದು ಕೂಡಿಬಂತು. ಬೇರಿಂಗ್ ಕೂರುವ ತೂತನ್ನು ಲೇತಿನಲ್ಲಿ ಕೊರೆಸಿ, ಮೊದಲ ತುಂಡನ್ನು ತಾನೇ ಹಳೇಬೀಡಿಗೆ ಒಯ್ದಳು.

ಕೆಂಚಯ್ಯ ಬೋಲ್ಟು ಬಿಗಿದು ಸ್ವಿಚ್ ಹಾಕಿದ. ಮಿಷನ್ನು ಮೊದಲು ನರಳಿದಂತೆ ಮಾಡಿ ಆಮೇಲೆ ಒಂದೇ ಸಮನಾದ ದನಿಗೆ ಬಂತು. ಹಲಗೆ ಈ ಕಡೆಯಿಂದ ಹೋಗಿ ಆ ಕಡೆ ಬೆಳ್ಳಗೆ ಹೊರಬಂತು. ಅವನು ಅಂಗೈಯಿಂದ ಉದ್ದಕ್ಕೂ ಸವರಿ, ಇನ್ನೊಂದು ಹಲಗೆ ಎತ್ತಿಕೊಂಡ. ಪುಷ್ಪಲತಾ ಒಂದು ಗಳಿಗೆ ನಿಂತಿದ್ದಳು. ಬಸ್ಸಿಗೆ ಹೊತ್ತಾಯಿತು ಅಂತ ಹೊರಟಳು.

ಹೊಸ ತುಂಡು ಸಿಗುತ್ತದೆ ಅನ್ನುವ ಸುದ್ದಿ ಬಡಗಿಗಳ ವಾಟ್ಸಾಪ್ ಗುಂಪುಗಳಲ್ಲಿ ಹಬ್ಬಿತು. ಹರಾಜಿನಲ್ಲಿ ಹಳೇ ಹೌಸಿಂಗಿನ ಬೆಲೆ ದಡಾರನೆ ಇಳಿಯಿತು. ಬೇಲೂರಿನಿಂದ ತಂದಿದ್ದರಲ್ಲಿ ಕೊನೆಯದೊಂದು ಅವಳ ಹತ್ತಿರವೇ ಉಳಿಯಿತು.

"ನಿನ್ನ ಅಂಗಡಿಗೆ ನೀನೇ ಬೀಗ ಜಡಿದ್ಯಲ್ಲ ಕಣವ್ವ," ಅಂದರು ಮರುಳಪ್ಪ. ಬೈಯುವ ದನಿಯಲ್ಲ, ಅರ್ಥವಾಗದವರ ದನಿ.

"ಬೇರೆ ತುಂಡುಗಳು ಇದಾವಲ್ಲ ಮಾವ."

ಆದರೆ ಅವಳನ್ನು ಕಾಡಿದ್ದು ಅದಲ್ಲ. ಮಳವಳ್ಳಿಯ ದ್ಯಾವಯ್ಯ. ಅಷ್ಟೊಂದು ಬೆಲೆ ಕೊಟ್ಟು ಕೊಂಡವನು. ಈಗ ಅದರ ಕಾಲುಭಾಗಕ್ಕೆ ಹೊಸದು ಸಿಗುತ್ತದೆ ಅಂತ ಅವನಿಗೂ ಗೊತ್ತಾಗಿರುತ್ತದೆ. ಅವನ ಫೋನು ಬಂದರೆ ಏನು ಹೇಳುವುದು? ಫೋನು ಹೊಡೆದುಕೊಂಡಾಗಲೆಲ್ಲ ಅವನದೇ ಅಂದುಕೊಳ್ಳುವಳು. ತಾನೇ ಮಾಡಿಬಿಡೋಣ ಅಂತ ನಂಬರು ತೆಗೆಯುವಳು, ಬಿಡುವಳು. ಒಂದು ದಿನ ತಡೆಯಲಾರದೆ ಮಾಡಿಯೇಬಿಟ್ಟಳು.

"ದ್ಯಾವಯ್ಯನೋರಾ? ಅರಸೀಕೆರೆಯಿಂದ ಪುಷ್ಪಲತಾ. ಅವತ್ತು ನಿಮ್ಮ ಹತ್ರ ಜಾಸ್ತಿ ತಗೊಂಡಂಗಾಯ್ತು ಅಂತ..."

"ಏನ್ ಜಾಸ್ತಿ?" ಅಂದ ಆ ಕಡೆಯವನು. ಹಿಂದೆ ಮಿಷನ್ನು ಓಡುವ ಸದ್ದಿತ್ತು, ಅವನು ದನಿ ಎತ್ತಿ ಮಾತಾಡುತ್ತಿದ್ದ. "ಒಂದು ಕಲ್ಯಾಣ ಮಂಟಪದ ಬಾಗಿಲು ಅಷ್ಟೂ ಒಪ್ಕೊಂಡು ಕೂತಿದ್ದೆ. ಅವತ್ತು ಅದು ಸಿಗದೆ ಇದ್ದಿದ್ರೆ ಕೆಲಸ ಬೇರೇವ್ರ ಪಾಲಾಗ್ತಿತ್ತು. ಅವತ್ತಿನ ಬೆಲೆ ಅವತ್ತಿಗೆ. ಈಗೇನೋ ಹೊಸದು ಮಾಡಿಸ್ತಿದೀರಂತಲ್ಲ, ಎರಡು ಕಳಿಸಿ. ಒಂದು ನನಗೆ, ಇನ್ನೊಂದು ನಮ್ಮ ಷಡ್ಡಕಂಗೆ."

ಫೋನು ಇಟ್ಟ ಮೇಲೆ ಪುಷ್ಪಲತಾ ಗೋಡೌನಿನಲ್ಲಿ ಆ ಕಡೆ ಈ ಕಡೆ ಎರಡು ಸಲ ಓಡಾಡಿದಳು. ಎದೆಯ ಭಾರ ಇಳಿದಿತ್ತು, ಕಾಲು ಮಾತ್ರ ನಿಲ್ಲಲೊಲ್ಲದು. ಎರಡು ತುಂಡು ಆರಿಸಿ, ಹಳೇ ಪೇಪರಿನಲ್ಲಿ ಸುತ್ತಿ, ಮಾವನಿಂದ ಒಂದಿಷ್ಟು ಹಗ್ಗ ಇಸಿದುಕೊಂಡು ಬಿಗಿಯಾಗಿ ಕಟ್ಟಿದಳು. ಪಾರ್ಸೆಲ್ ಆಫೀಸು ಮುಚ್ಚಲು ಇನ್ನೂ ಹೊತ್ತಿತ್ತು. ಆದರೂ ಚಪ್ಪಲಿ ಮೆಟ್ಟಿ ಆಗಲೇ ಹೊರಟಳು.